ವೀರಮ್ಮನ ಗಪ್ಪಿಗಳು

ಕುಪ್ಪಗಡ್ಡೆಯ ನಾಗರಾಜಪ್ಪ ಮಂಡಿ ಆಪರೇಷನ್ನಿಗೆಂದು ದಾವಣಗೆರೆಗೆ ಹೊರಟವರು ಶಿಕಾರಿಪುರದಲ್ಲಿ ಕಾರು ನಿಲ್ಲಿಸಿ, ಗುಲಾಬ್ ಸಾಬರ ಅಂಗಡಿ ಕಟ್ಟೆಯ ಮೇಲೆ ಒಂದು ಗಾಜಿನ ತೊಟ್ಟಿಯನ್ನೂ ಅರ್ಧ ಬಕೆಟ್ ನೀರಿನಲ್ಲಿ ಆರು ಗಪ್ಪಿ ಮೀನುಗಳನ್ನೂ ಇಳಿಸಿದರು. ಮಗ ರಾಜಕುಮಾರ "ಬಾವಿಗೆ ಬಿಟ್ರಾತಪ್ಪ" ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ. ಅಪ್ಪ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

"ಇಪ್ಪತ್ತು ದಿನ ಸಾಬ್ರೇ. ವೀರಮ್ಮನ ಮೀನು. ಬೇರೆ ಯಾರ ಕೈಗೂ ಕೊಡಕ್ಕೆ ಮನಸು ಬರ್ಲಿಲ್ಲ."

ಗುಲಾಬ್ ಸಾಬರು ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ನೆರಳಿಗಿಟ್ಟರು. ತಾಮ್ರ ಹಿತ್ತಾಳೆ ಪಾತ್ರೆಗಳನ್ನು ರಿಪೇರಿ ಮಾಡಿ, ಒಳಗೆ ತವರದ ಕಲಾಯಿ ಹಾಕುವುದು ಅವರ ಕಸುಬು. ಅಡಿಕೆ ಬೇಯಿಸುವ ಹಂಡೆಗಳಿಗೆ ತೇಪೆ ಹಾಕಲು ನಲವತ್ತು ವರ್ಷ ಆ ಮನೆಗೆ ಹೋಗಿಬಂದವರು. ಆ ಮೀನು ಹೇಗೆ ಬಂತೆಂಬುದಕ್ಕೆ ಅವರೇ ಸಾಕ್ಷಿ. ಐದು ವರ್ಷದ ಹಿಂದೆ ನಾಗರಾಜಪ್ಪನವರ ಹೆಂಡತಿ ವೀರಮ್ಮ ತಾಮ್ರದ ಚೊಂಬಿಗೆ ಕಲಾಯಿ ಹಾಕಿಸಲು ಬಂದು ಇದೇ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಕೂತವಳು ಸುಮ್ಮನಿರದೆ ಎದುರಿನ ಅಂಗಡಿಗೆ ಹೋಗಿ ಒಂದು ಜೋಡಿ ಗಪ್ಪಿ ತಂದಳು. ಅವು ಪ್ಲಾಸ್ಟಿಕ್ ಕವರಿನಲ್ಲಿದ್ದುದು ಅವಳಿಗೆ ಸರಿಬರಲಿಲ್ಲ. "ಸಾಬರ ಚೊಂಬಿರುವಾಗ ಕವರ್ ಯಾಕೆ?" ಎಂದು ಅವನ್ನು ಚೊಂಬಿಗೆ ಸುರಿದುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರು ಮುಟ್ಟಿಸಿದ್ದಳು. ಈಗ ವೀರಮ್ಮ ತೀರಿಹೋಗಿ ಎರಡು ವರ್ಷ. ಆ ಜೋಡಿಯೂ ಇಲ್ಲ. ಇವು ಅವುಗಳ ಮೊಮ್ಮಕ್ಕಳ ಮಕ್ಕಳು.

ನಾಗರಾಜಪ್ಪ ಹೇಳಿದ್ದು ಸ್ವಲ್ಪವೇ. ಊಟ ಎರಡು ಚಿಟಿಕೆ. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ಬದಲು. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಬ್ಲೀಚಿಂಗ್ ವಾಸನೆ ಹೋದಮೇಲೇ ಹಾಕಬೇಕು. ಬಾಲದ ಬುಡದ ಕಪ್ಪು ಮಚ್ಚೆ ದೊಡ್ಡದಾಗಿ ಹೊಟ್ಟೆ ಉಬ್ಬಿದರೆ ಆ ಹೆಣ್ಣನ್ನು ಬೇರೆ ಜಾಡಿಗೆ ಬಿಡಬೇಕು, ಜೊತೆಗೆ ಒಂದಿಷ್ಟು ನೀರುಗಿಡ. ಮರಿ ಹಾಕಿದ ಕೂಡಲೇ ತಾಯಿಯನ್ನು ಎತ್ತಿಬಿಡಬೇಕು, ಇಲ್ಲವಾದರೆ ತಿಂದುಹಾಕುತ್ತದೆ.

"ಅಯ್ಯಾ, ಹೆತ್ತವಳೇ ತಿಂತಾಳಾ!" ಎಂದು ಸಾಬರ ಹೆಂಡತಿ ಸರ್ವರ್ ಬೀ ಎದೆಯ ಮೇಲೆ ಕೈಯಿಟ್ಟುಕೊಂಡರು.

ಸಾಬರು ಎಲ್ಲವನ್ನೂ ಪಾಲಿಸಿದರು, ಒಂದನ್ನು ಬಿಟ್ಟು. ವೀರಮ್ಮನ ಮೀನಿಗೆ ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ಟಿನ ನೀರೇ? ತಾಮ್ರದ ನೀರು ಒಳ್ಳೆಯದೆಂದು ಇಡೀ ಊರೇ ಬಾಟಲಿ ಹಿಡಿದು ಓಡಾಡುತ್ತಿದೆ. ಅವರು ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು ಹಾಕಿ ಥಳಥಳ ಬೆಳಗಿ, ನೀರು ತುಂಬಿಟ್ಟರು. ಪ್ರೀತಿ ಹೆಚ್ಚಾದಾಗ ಮನುಷ್ಯ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುತ್ತಾನೆ, ಮಾಡಿ ಕೆಡಿಸುತ್ತಾನೆ.

ಮೊದಲ ಸಲ ನೀರು ಬದಲಿಸಿದ ಮೇಲೆ ಮೀನುಗಳು ಮಂಕಾದವು. ಊರು ಹೊಸದು, ಬೇಜಾರಿರಬೇಕು ಎಂದುಕೊಂಡರು. ಕಿತ್ತಳೆ ಬಾಲದ ಗಂಡು ಸತ್ತಾಗ, ನೀರು ಕೆಟ್ಟಿತೆಂದು ಗಾಬರಿಯಾಗಿ ಅರ್ಧ ತೊಟ್ಟಿ ಚೆಲ್ಲಿ ಮತ್ತೆ ಹಂಡೆಯ ನೀರನ್ನೇ ತುಂಬಿದರು. ಮಾರನೆಯ ದಿನಕ್ಕೆ ಇನ್ನೆರಡು, ಅದರ ಮಾರನೆಯ ದಿನಕ್ಕೆ ಇನ್ನೆರಡು. ಉಳಿದದ್ದು ಒಂದೇ ಹೆಣ್ಣು, ತುಂಬಿದ ಬಸುರಿ. ರೆಕ್ಕೆ ಮುದುಡಿಕೊಂಡು ನೀರಿನ ಮೇಲ್ಗಡೆ ಬಾಯಿ ಬಾಯಿ ಬಿಡುತ್ತಿತ್ತು.

ಆ ಹೊತ್ತಿಗೇ ದಾವಣಗೆರೆಯಿಂದ ಫೋನು ಬರಬೇಕೇ?

"ಹ್ಯಾಂಗಿದಾವೆ ಸಾಬ್ರೇ?"

"ಚೆನ್ನಾಗವೆ" ಎಂದಷ್ಟೇ ಹೇಳಿ ಸಾಬರು ಫೋನಿಟ್ಟರು. ಸುಳ್ಳು ಹೇಳಿದ ಬಾಯಿಗೆ ಅನ್ನ ಸೇರಲಿಲ್ಲ. ಇದೊಂದು ಹೋದರೆ ವೀರಮ್ಮನ ಕೈಯಿಂದ ಬಂದ ಸಂತತಿಯೇ ಮುಗಿಯಿತು.

ಸರ್ವರ್ ಬೀ ಊಟದ ತಟ್ಟೆ ಎತ್ತಿ, ಮಿಕ್ಕ ಹುಳಿಸಾರನ್ನು ಕೈಗೆ ಸಿಕ್ಕಿದ ತಾಮ್ರದ ಬೋಗುಣಿಗೆ ಸುರಿಯಲು ಹೋದರು. ಸಾಬರು ಕೂತಲ್ಲಿಂದಲೇ ಗದರಿದರು. "ಏ, ಎಷ್ಟು ಸಲ ಹೇಳ್ಬೇಕು? ಕಲಾಯಿ ಇಲ್ಲದ್ದಕ್ಕೆ ಹಾಕಬ್ಯಾಡ. ಕಿಲುಬು ಬಿಟ್ಟು ವಿಷ ಆಗ್ತೈ..."

ಮಾತು ಅಲ್ಲೇ ನಿಂತಿತು. ನಲವತ್ತು ವರ್ಷ ಊರೂರು ತಿರುಗಿ ಹೆಂಗಸರಿಗೆಲ್ಲ ಹೇಳಿದ ಮಾತು. ವೀರಮ್ಮನ ಚೊಂಬಿಗೆ ಕಲಾಯಿ ಇತ್ತು. ಹಾಕಿದವರು ತಾವೇ. ಅಟ್ಟದ ಹಂಡೆಗೆ ಇರಲಿಲ್ಲ. ಸ್ಟೀಲು ಬಂದು ಕೆಲಸ ಕಡಿಮೆಯಾದ ಮೇಲೆ ತಮ್ಮ ಮನೆಯ ಪಾತ್ರೆಗಳಿಗೇ ಅವರು ಕಲಾಯಿ ಹಾಕಿರಲಿಲ್ಲ.

"ನಾನೇ ವಿಷ ಹಾಕಿದ್ನಲ್ಲೇ" ಎಂದು ತಲೆಯ ಮೇಲೆ ಕೈಹೊತ್ತು ಕೂತರು.

"ಆಮೇಲೆ ಅಳೂವಂತ್ರಿ, ಮೊದ್ಲು ಏಳ್ರಿ" ಎಂದರು ಸರ್ವರ್ ಬೀ. ಬಟ್ಟೆ ಒಗೆಯಲು ನಿನ್ನೆ ಹಿಡಿದಿಟ್ಟ ನೀರು ಬಕೆಟ್ಟಿನಲ್ಲಿತ್ತು. ಅವರೇ ಉಪ್ಪಿನಕಾಯಿಯ ಗಾಜಿನ ಜಾಡಿ ತೊಳೆದು, ಅದಕ್ಕೆ ಆ ನೀರು ತುಂಬಿ, ನೀರುಗಿಡ ಬಿಟ್ಟು, ಬಸುರಿಯನ್ನು ಬೊಗಸೆಯಲ್ಲಿ ಎತ್ತಿಹಾಕಿದರು. ಜಾಡಿಯ ಮುಂದೆ ಗಂಡ ಹೆಂಡತಿ ಸರದಿಯ ಮೇಲೆ ಕೂತರು. ಎರಡನೆಯ ದಿನ ಅದು ರೆಕ್ಕೆ ಬಿಚ್ಚಿತು. ನಾಲ್ಕನೆಯ ದಿನ ಬೆಳಿಗ್ಗೆ ಗಿಡದ ಎಡೆಯಲ್ಲಿ ಏನೋ ಮಿಸುಕಾಡಿತು. ಬರೀ ಎರಡು ಕಣ್ಣು, ಹಿಂದೊಂದು ಗೆರೆ. ಸಾಬರು ತಾಯಿಯನ್ನು ಮೆಲ್ಲಗೆ ಎತ್ತಿ ಬೇರೆ ಜಾಡಿಗೆ ಬಿಟ್ಟರು. ಎಣಿಸಿದರೆ ಹನ್ನೊಂದು ಮರಿ. ಸರ್ವರ್ ಬೀ ಓಣಿಗೆಲ್ಲ ಸಕ್ಕರೆ ಹಂಚಿಬಂದರು.

ನಾಗರಾಜಪ್ಪ ಕೋಲೂರಿಕೊಂಡು ಬಂದ ದಿನ ಸಾಬರು ಕುಡಿಯಲು ನೀರು ಕೊಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟರು. ಹಂಡೆ, ಹುಣಸೆಹಣ್ಣು, ಸತ್ತ ಐದು, ಹೇಳಿದ ಸುಳ್ಳು. "ಮಾಫ್ ಮಾಡ್ರಿ ಗೌಡ್ರೇ" ಎಂದು ಕೈ ಮುಗಿದರು.

ನಾಗರಾಜಪ್ಪ ಜಾಡಿಯನ್ನು ಬೆಳಕಿಗೆ ತಿರುಗಿಸಿ ಮರಿಗಳನ್ನು ಎಣಿಸಿದರು. ಅವರಿಗೂ ನೋವಾಗಿತ್ತು, ಇಲ್ಲವೆಂದರೆ ಸುಳ್ಳಾದೀತು.

"ಅವತ್ತು ಫೋನಲ್ಲೇ ಗೊತ್ತಾತು ನಂಗೆ" ಎಂದರು. "ನಲವತ್ತು ವರ್ಷದಲ್ಲಿ ನೀವು ಒಂದೇ ಮಾತಿಗೆ ಸುಮ್ಮನಾದವರಲ್ಲ. ಏನೋ ಆಗಿದೆ, ಸಾಬರು ಅಳ್ತಾ ಇದಾರೆ ಅಂತ ರಾಜಕುಮಾರನಿಗೂ ಹೇಳ್ದೆ."

"ಮರಿ ಎಲ್ಲಾ ತಗೊಂಡೋಗ್ರಿ. ಕವರ್‌ನಾಗ ಹಾಕಿಕೊಡ್ತೀನಿ."

"ಕವರ್ ಯಾಕೆ?"

ನಾಗರಾಜಪ್ಪ ಚೀಲದಿಂದ ವೀರಮ್ಮನ ಅದೇ ತಾಮ್ರದ ಚೊಂಬು ತೆಗೆದರು. ಮೀನು ಒಯ್ಯಲಿಕ್ಕೆಂದೇ ರಾಜಕುಮಾರನಿಗೆ ಹೇಳಿ ಊರಿಂದ ತರಿಸಿಕೊಂಡಿದ್ದರು. ಒಳಗಿನ ಕಲಾಯಿ ಸವೆದು ಅಲ್ಲಲ್ಲಿ ಕೆಂಪು ಕಾಣುತ್ತಿತ್ತು.

"ಹಾಕಿಕೊಡಿ. ನಾ ಕಾಯ್ತೀನಿ" ಎಂದು ಆ ಕಟ್ಟೆಯ ಮೇಲೆ ಕಾಲು ನೀಡಿ ಕೂತರು.

ಸಾಬರು ಗಾಳಿ ಊದುವ ತಿದಿ ಹುಡುಕಿ ತೆಗೆದರು. ಇದ್ದಿಲು ಹೊತ್ತಿತು, ಚೊಂಬು ಕಾಯಿತು. ತವರ ಹಿಡಿಯಲೆಂದು ಉಜ್ಜಿದ ನವಸಾಗರದ ಹೊಗೆ ಬೀದಿಯವರೆಗೂ ಹೋಯಿತು. ತವರ ಸವರಿ ಹತ್ತಿಯಿಂದ ಒಂದು ಸುತ್ತು ಒರೆಸಿದಾಗ ಒಳಗೆಲ್ಲ ಬೆಳ್ಳಗಾಯಿತು. ಕೈ ಏನನ್ನೂ ಮರೆತಿರಲಿಲ್ಲ. ಆರಿದ ಮೇಲೆ ತೊಳೆದು, ನೀರು ತುಂಬಿ, ಅರ್ಧ ಚೊಂಬು ಮೊದಲು ತಾವೇ ಕುಡಿದರು. ಹೆಂಡತಿ ಬೈದರೂ ಕೇಳಲಿಲ್ಲ.

ಆಮೇಲೆ ಬಕೆಟ್ಟಿನ ನೀರು ಹಾಕಿ ಹನ್ನೊಂದನ್ನೂ ಒಂದೊಂದಾಗಿ ಬಿಟ್ಟರು.

"ತಾಯಿ ಇಲ್ಲೇ ಇರಲಿ" ಎಂದರು ನಾಗರಾಜಪ್ಪ, ಸರ್ವರ್ ಬೀ ಕಡೆ ನೋಡುತ್ತ. "ತಂಗಿ ಬಾಣಂತನ ಮಾಡಿದಾಳೆ, ಕಳಿಸಿಕೊಡೋಕೆ ಅವಳಿಗೂ ಮನಸಾಗದು."

ಕಾರಿನಲ್ಲಿ ಕೂತು ಅವರು ಚೊಂಬನ್ನು ತೊಡೆಯ ಮೇಲಿಟ್ಟುಕೊಂಡರು. ನೀರು ತುಳುಕದಂತೆ ಬಾಯಿಗೆ ಕೈ ಮುಚ್ಚಿಕೊಂಡು, ನಿಧಾನಕ್ಕೆ ಹೊಡಿಯೋ ಎಂದು ಮಗನಿಗೆ ಹೇಳಿದರು.