ಶುಕ್ರವಾರದ ಎಣ್ಣೆಯ ವಾಸನೆ

ಅಮ್ಮ ಶುಕ್ರವಾರದ ರೊಟ್ಟಿ ಕರಿಯುತ್ತಿದ್ದಳು. ಕಾದ ಎಣ್ಣೆಯ ವಾಸನೆ ಸತ್ತವರ ಹೊಟ್ಟೆ ತುಂಬಿಸುತ್ತದೆ ಎಂದು ನಂಬಿದ ಕಜಕ್ ಜನ ನಾವು. ಅಮ್ಮ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿರುವಾಗಲೇ ಎರಡನೇ ಮಹಾಯುದ್ಧಕ್ಕೆ ಹೋಗಿ ಕಾಣೆಯಾದ ಅಜ್ಜ ಇಸಾತಾಯ್‌ಗಾಗಿ ಮೊದಲು ಅಜ್ಜಿ ಕರಿದಳು, ಆಮೇಲೆ ಅಮ್ಮ.

ಗೋರಿ ಎಲ್ಲಿದೆಯೋ ಹುಡುಕು ಎಂದು ನನ್ನ ಪ್ರಾಣ ತಿಂದವಳೂ ಅವಳೇ. ಕಾಣೆಯಾದ ಸೈನಿಕರ ಜಾಲತಾಣಗಳನ್ನು ಚಳಿಗಾಲವಿಡೀ ಜಾಲಾಡಿದೆ. ಕೊನೆಗೆ ಅಜ್ಜ ಸಿಕ್ಕಿದ್ದು ಬಾಲ್ಟಿಕ್ ಕಡಲತೀರದ ಊರೊಂದರ ಸ್ಮಶಾನದ ಪುಟದಲ್ಲಿ. ಅದೇ ಹೆಸರು, ಹುಟ್ಟಿದ್ದು ನಮ್ಮದೇ ಹಳ್ಳಿ. ಕಲ್ಲಿನ ಮೇಲಿನ ಫೋಟೋದಲ್ಲಿ ಅಮ್ಮನದೇ ಮೂಗು.

"ಸಿಕ್ಕಿದ್ರು," ಎಂದೆ. "ಯುದ್ಧದಲ್ಲಿ ಸತ್ತಿಲ್ಲ ಕಣಮ್ಮ. ಎಪ್ಪತ್ತೊಂಬತ್ತನೇ ಇಸವಿವರೆಗೂ ಬದುಕಿದ್ರು. ಪಕ್ಕದಲ್ಲೇ ಅಲ್ಲಿ ಕಟ್ಕೊಂಡ ಹೆಂಡ್ತಿ ಗೋರಿನೂ ಇದೆ."

ಅಮ್ಮ ನಾನು ಚಾಚಿದ ಫೋನಿನತ್ತ ನೋಡಲಿಲ್ಲ. "ಸುಮ್ನೆ ನಿಂತಿದ್ದೀಯಲ್ಲ ನೂರಿಲಾ, ಆ ತಟ್ಟೆ ಕೊಡೇ."

ಕೊಟ್ಟೆ. ನನಗೇ ರೇಗಿತು. "ಅಷ್ಟು ವರ್ಷ ಬದುಕಿದ್ದೋನಿಗೆ ವಾಸನೆ ಕಳಿಸಿದ್ರಲ್ಲ, ಅಜ್ಜಿನೂ ನೀನೂ! ಇನ್ನೂ ಯಾಕೆ ಕರೀತೀಯ?"

ಅಮ್ಮ ರೊಟ್ಟಿ ಮಗುಚಿದಳು.

"ಈಗ ಸತ್ತಿದ್ದಾನಲ್ಲ," ಎಂದಳು. "ತಿನ್ಲಿ."