ಏಣಿ ಒದ್ದ ಭಾನುವಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಕಥೆಯಲ್ಲಿ ನಾನು ಉಗಿಯಬೇಕಾದದ್ದು ನನಗೇ. ಹಾಗಾಗಿ ಹೇಳುವುದಕ್ಕೆ ಸ್ವಲ್ಪ ಕಷ್ಟ.

ನಾನು ಹಲ್ಲಿನ ಸೆಟ್ ಮಾಡುವವಳು. ಹಲ್ಲಿನ ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ, ನಾನು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಅಚ್ಚು ಒಡೆದು, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತೇನೆ. ಕೆಲಸದ ಕೋಣೆಯ ಹಿಂದೆ ಇನ್ನೊಂದು ಸಣ್ಣ ಕೋಣೆ ಇದೆ. ಅದರ ಗೋಡೆ ತುಂಬ ಶೆಲ್ಫು, ಶೆಲ್ಫಿನ ತುಂಬ ಬಿಳಿ ದವಡೆಗಳು. ಮೂರು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಆ ದವಡೆಗಳು ನೋಡಿ ನಗುತ್ತಿರುವಾಗ ನಾವು ಮೂರು ಜನ ಅಲ್ಲಿ ಕೂತು ಕಂಪ್ಯೂಟರಿಗೆ ಒಂದು ಹೊಸ ಭಾಷೆ ಕಟ್ಟುತ್ತಿದ್ದೆವು. ಕಟ್ಟಿ ಎಂದು ಯಾರೂ ಕೇಳಿರಲಿಲ್ಲ. ಬೇಡ ಎಂದೂ ಯಾರೂ ಅಂದಿರಲಿಲ್ಲ.

ಮೂವರಲ್ಲಿ ಹಿರಿಯರು ಲೆಕ್ಕದ ಮೇಷ್ಟ್ರು, ನಿವೃತ್ತರು. ತಪ್ಪು ಬರೆಯಲು ಸಾಧ್ಯವೇ ಇಲ್ಲದ ಭಾಷೆ ಬೇಕು ಎನ್ನುವುದು ಅವರ ಹಟ. ಇನ್ನೊಬ್ಬ ಲಿಫ್ಟ್ ಮೆಕ್ಯಾನಿಕ್. ತಪ್ಪಾಗಿ ನಿಂತರೆ ಎಷ್ಟನೇ ಮಹಡಿಯಲ್ಲಿ ನಿಂತಿದ್ದೇನೆ ಎಂದು ತಾನೇ ಹೇಳುವ ಭಾಷೆ ಬೇಕು ಎಂದು ಅವನು. ನಮ್ಮ ಮೂವರ ಪರಿಚಯ ಲೈಬ್ರರಿಯ ಸಂಜೆ ಕಂಪ್ಯೂಟರ್ ಕ್ಲಾಸಿನಲ್ಲಿ. ಕ್ಲಾಸು ಮೂರು ತಿಂಗಳಿಗೆ ಮುಗಿಯಿತು, ನಮ್ಮ ಜಗಳ ಮುಗಿಯಲಿಲ್ಲ. ಅದಕ್ಕೆ ಒಂದು ಕೋಣೆ ಬೇಕಾಯಿತು, ನಾನು ಕೊಟ್ಟೆ.

ನನಗೆ ಬೇಕಾಗಿದ್ದದ್ದು ಬೇರೆಯೇ. ನನಗೊಬ್ಬಳು ಅಕ್ಕ ಇದ್ದಾಳೆ, ಆಸ್ಪತ್ರೆಯಲ್ಲಿ ಹೆಡ್ ನರ್ಸ್. ನನ್ನನ್ನು ಅವಳು ಕರೆಯುವುದು 'ಮುಕ್ಕಾಲು' ಎಂದು. ನಾನು ಅವಳಿಗೆ ಹೆಣೆದ ಸ್ವೆಟರಿಗೆ ಒಂದೇ ತೋಳು. ಅವಳ ಮನೆಯ ಕಿಟಕಿಗೆ ನಾನು ಬಳಿದ ಬಣ್ಣ ಮೂರು ಬದಿಗೆ ಮಾತ್ರ. ಈಜು ಕಲಿಯಲು ಹೋಗಿ ಕೈ ಬಡಿಯುವುದನ್ನು ಕಲಿತು ಬಂದೆ, ಕಾಲು ಬಡಿಯುವ ಪಾಠಕ್ಕೆ ಹೋಗಲೇ ಇಲ್ಲ. ಹೊಟ್ಟೆಪಾಡಿನ ಕೆಲಸ ಬಿಟ್ಟರೆ ನಾನು ಮುಗಿಸಿದ್ದು ಏನೂ ಇಲ್ಲ. ಸಾಯುವುದರೊಳಗೆ ಒಂದು ಸಲ ಅಕ್ಕನ ಬಾಯಲ್ಲಿ 'ಮುಗಿಸಿದೆ ಕಣೇ' ಎಂಬ ಮಾತು ಕೇಳಬೇಕು, ಅಷ್ಟೇ ನನ್ನ ಆಸೆ.

ನಮ್ಮಲ್ಲಿ ಎರಡು ಪದ್ಧತಿ ಇದ್ದವು. ಒಂದು, ಮೂರೂ ಕೈ ಮೇಲೆದ್ದರೆ ಮಾತ್ರ ಯಾವ ತೀರ್ಮಾನವೂ ಆಗುವುದು. ಇನ್ನೊಂದು, ಪ್ರತಿ ಭಾನುವಾರ ಮೇಷ್ಟ್ರು ಒಂದು ಪ್ರಗತಿ ವರದಿ ಬರೆದು ಲೈಬ್ರರಿಯ ಬೋರ್ಡಿಗೆ ಅಂಟಿಸುವುದು. ಮೊದಲ ನಾಲ್ಕು ತಿಂಗಳ ವರದಿ ತುಂಬ ಭಾಷೆಯ ಲಾಂಛನದ್ದೇ ಚರ್ಚೆ. ಕೂಸು ಹುಟ್ಟುವ ಮುಂಚೆ ಕುಲಾವಿ! ಭಾಷೆಗೆ ಹೆಸರು ಮಾತ್ರ ಇವತ್ತಿಗೂ ಇಲ್ಲ, ಅದಕ್ಕೆ ಇನ್ನೂ ಮೂರು ಕೈ ಎದ್ದಿಲ್ಲ.

ಆದರೂ ಎರಡನೆಯ ವರ್ಷ ಮುಗಿಯುವ ಮುಂಚೆ ಮೆಕ್ಯಾನಿಕ್ ಕಷ್ಟಪಟ್ಟು ಒಂದು ಅನುವಾದಕ ಮಾಡಿದ. ನಾವು ನಮ್ಮ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿಕೊಡುವ ಪ್ರೋಗ್ರಾಂ ಅದು. ಅದಿಲ್ಲದಿದ್ದರೆ ಭಾಷೆ ಬರೀ ಕಾಗದದ ಮೇಲೆ. ಅವನು ಅದನ್ನು ಬೇರೊಂದು ಹಳೆಯ ಭಾಷೆಯಲ್ಲಿ ಬರೆದಿದ್ದ, ಕುರೂಪಿಯಾಗಿತ್ತು, ಆದರೆ ಓಡುತ್ತಿತ್ತು. ಅದರಲ್ಲಿ ನಾನು ಅಕ್ಕನಿಗಾಗಿ ಒಂದು ಪ್ರೋಗ್ರಾಂ ಬರೆದೆ. ಇಪ್ಪತ್ತೆರಡು ನರ್ಸುಗಳು, ಮೂರು ಪಾಳಿ, ಯಾರಿಗೂ ಅನ್ಯಾಯವಾಗದ ಹಾಗೆ ತಿಂಗಳ ಡ್ಯೂಟಿ ಪಟ್ಟಿ. ಅನುವಾದಕದ ಸಮೇತ ವಾರ್ಡಿನ ಕಂಪ್ಯೂಟರಿಗೆ ಹಾಕಿಕೊಟ್ಟು ಬಂದೆವು.

ಮಾರನೆಯ ದಿನವೇ ಅಕ್ಕನ ಫೋನು. "ಲೇ, ನಿನ್ನ ಭಾಷೆ ಹೊಸ ಪಟ್ಟಿ ಮಾಡಿ ಹಳೇ ಪಟ್ಟಿ ನುಂಗಿಬಿಡ್ತು! ಒಂದು ಮಾತು ಕೇಳೋದಲ್ವಾ? ಅಳಿಸೋ ಮುಂಚೆ ಕೇಳ್ಬೇಕು, ಅಷ್ಟು ಮಾಡ್ಕೊಡು."

ಮೇಷ್ಟ್ರು ಅದನ್ನು ವರದಿಯಲ್ಲಿ ಬರೆದುಕೊಂಡರು: ಬಳಕೆದಾರರ ಸಲಹೆ ಪರಿಶೀಲನೆಯಲ್ಲಿದೆ. ಅರವತ್ತು ವಾರ ಅದು ಪರಿಶೀಲನೆಯಲ್ಲೇ ಇತ್ತು. ಅಷ್ಟರಲ್ಲಿ ನಮಗೆ ದೊಡ್ಡ ಹುಚ್ಚು ಹತ್ತಿತ್ತು. ಒಂದು ಭಾಷೆ ತನ್ನ ಕಾಲ ಮೇಲೆ ನಿಂತಿದೆ ಎನ್ನಬೇಕಾದರೆ ಅದರ ಅನುವಾದಕವನ್ನೂ ಅದೇ ಭಾಷೆಯಲ್ಲಿ ಬರೆದಿರಬೇಕು, ಆಗಲೇ ಮರ್ಯಾದೆ ಎಂದು ಮೇಷ್ಟ್ರು ಎಲ್ಲೋ ಓದಿದರು. ಸರಿ, ಹೊಸದಾಗಿ ಶುರು. "ವಾರ್ಡಲ್ಲಿರೋದು ಹಳೇದು ಮೇಡಂ, ತೆಗೆದುಹಾಕಿ, ಇನ್ನೇನು ಹೊಸದು ಬಂತು," ಎಂದು ಮೆಕ್ಯಾನಿಕ್ ಅಕ್ಕನಿಗೆ ಹೇಳಿದ. "ಆಯ್ತಪ್ಪ," ಎಂದಳು ಅಕ್ಕ. ಆಮೇಲೆ ಅವಳು ಅದರ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪೂರ್ತಿ ಮುಗಿಸಿಕೊಂಡೇ ಹೋಗೋಣ ಎಂದು ಬೀಗುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಅಲ್ಲಿಯವರೆಗೆ ಹಳೆಯದರ ಕೈ ಹಿಡಿದು ನಡೆಯುತ್ತಿದ್ದ ಹೊಸ ಅನುವಾದಕ ತನ್ನನ್ನು ತಾನೇ ಅನುವಾದಿಸಿಕೊಂಡಿತು. ಮೆಕ್ಯಾನಿಕ್ ಎದ್ದು ಕುಣಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಾನು ಅಕ್ಕನಿಗೆ ಫೋನು ಮಾಡಿ, "ಡ್ಯೂಟಿ ಮುಗಿಸ್ಕೊಂಡು ನಾಲ್ಕಕ್ಕೆ ಬಾ. ನಿನಗೊಂದು ತೋರಿಸ್ಬೇಕು, ಪೂರ್ತಿ," ಎಂದೆ.

"ಇನ್ನು ಹಳೇ ಅನುವಾದಕ ಯಾಕೆ?" ಎಂದರು ಮೇಷ್ಟ್ರು. "ಅದು ಇದ್ರೆ ಅದರ ಜಗಳಾನೂ ಇರುತ್ತೆ. ಅಳಿಸಿಬಿಡೋಣ."

"ಒಂದು ಕಾಪಿ ಇರ್ಲಿ ಬಿಡಿ ಮೇಷ್ಟ್ರೇ," ಎಂದ ಮೆಕ್ಯಾನಿಕ್.

ನನಗೆ ರೇಗಿತು. "ಒಂದು ಕೆಲಸ ಪೂರ್ತಿ ಮಾಡೋಕೆ ಬಿಡಲ್ವಲ್ಲ ನೀವು! ಅಳಿಸಿ ಅಂದ್ರೆ ಅಳಿಸಿ."

ಮೂರು ಕೈ ಮೇಲೆದ್ದವು. ಒಂದು, ಎರಡು, ಮೂರು ಎಂದು ಎಣಿಸಿ ಮೂರು ಕಂಪ್ಯೂಟರುಗಳಿಂದಲೂ ಒಟ್ಟಿಗೇ ಅಳಿಸಿದೆವು. ಹಳೆಯ ಪ್ರತಿಗಳೆಲ್ಲ ಕೂಡಿಬಿದ್ದಿದ್ದ ಕಂಪ್ಯೂಟರಿನೊಳಗಿನ ಉಗ್ರಾಣವನ್ನೂ ಗುಡಿಸಿ ಒರೆಸಿದೆವು. ಚಪ್ಪಾಳೆ ಹೊಡೆದು ಬಿಸ್ಕತ್ತು ತಿಂದೆವು.

ಈಗ ನನ್ನ ಘನಕಾರ್ಯ ಕೇಳಿ. ಅನುವಾದಕ ಶುರುವಾದ ಕೂಡಲೇ 'ತಮ್ಮ ಅಪ್ಪಣೆಗಾಗಿ ಕಾದಿದ್ದೇನೆ' ಎನ್ನುತ್ತಿತ್ತು, ಮೇಷ್ಟ್ರು ಸೇರಿಸಿದ ಸಾಲು. ಅಕ್ಕ ನೋಡಿದರೆ ವರ್ಷವಿಡೀ ಆಡಿಕೊಂಡು ನಗುತ್ತಾಳೆ ಎಂದು ಅವಳು ಬರುವಷ್ಟರಲ್ಲಿ ಅದನ್ನು ತೆಗೆಯಲು ಹೋದೆ. ಆ ಸಾಲಿನ ಜೊತೆ ಕೆಳಗಿನ ಸಾಲೂ ಹೋಯಿತು, ನೋಡಲಿಲ್ಲ. ಓಡಿಸಿದೆ. ಅನುವಾದಕ ಬಹಳ ವಿಧೇಯತೆಯಿಂದ ಕೆಟ್ಟುಹೋದ ತನ್ನನ್ನು ಒಳ್ಳೆಯ ತನ್ನ ಮೇಲೆಯೇ ಬರೆದುಕೊಂಡಿತು. ಅಳಿಸಲೇ ಎಂದು ಒಂದು ಮಾತು ಕೇಳಲಿಲ್ಲ. ಅಲ್ಲಿಂದ ಮುಂದೆ ಏನು ಕೊಟ್ಟರೂ ಉಸಿರಿಲ್ಲ.

"ಉಳಿದೆರಡು ಕಂಪ್ಯೂಟರ್ ಇದ್ಯಲ್ಲ," ಎಂದೆ.

ಮೆಕ್ಯಾನಿಕ್ ಓಡಿ ಎರಡನ್ನೂ ನೋಡಿದ, ಅವಕ್ಕೂ ಉಸಿರಿರಲಿಲ್ಲ. ಒಂದರಲ್ಲಿ ಹೊಸದಾದರೆ ಉಳಿದೆರಡರಲ್ಲೂ ತಾನಾಗಿಯೇ ಹೊಸದಾಗುವ ಹಾಗೆ ಹಿಂದಿನ ವಾರವಷ್ಟೇ ಅವನು ಏರ್ಪಾಡು ಮಾಡಿದ್ದ. ಅದಕ್ಕೆ ವರದಿಯಲ್ಲಿ ಅಭಿನಂದನೆಯೂ ಬಂದಿತ್ತು.

ನಾವು ಬರೆದ ಸಾಲುಗಳೆಲ್ಲ ಕಣ್ಣೆದುರಿಗೇ ಇದ್ದವು. ಆದರೆ ಅವು ನಮ್ಮ ಭಾಷೆಯಲ್ಲಿದ್ದವು, ಆ ಭಾಷೆ ತಿಳಿಯುವ ಯಂತ್ರ ಲೋಕದಲ್ಲಿ ಒಂದೂ ಉಳಿದಿರಲಿಲ್ಲ. ಪೆಟ್ಟಿಗೆಯ ಕೀಲಿಕೈ ಒಳಗಿಟ್ಟು ಬೀಗ ಒತ್ತಿದ ಹಾಗೆ. ಹಲ್ಲು ಗಟ್ಟಿಯಾಗುವ ತನಕ ಅಚ್ಚು ಒಡೆಯಬಾರದು. ಇಪ್ಪತ್ತಾರು ವರ್ಷದಿಂದ ದಿನಾ ಅದೇ ಕೆಲಸ ಮಾಡುವವಳಿಗೆ ಇದು ಹೊಳೆಯಲಿಲ್ಲವಲ್ಲ! ಮೆಕ್ಯಾನಿಕ್ ತಲೆ ಮೇಲೆ ಕೈಹೊತ್ತು ಕೂತ. ಮೇಷ್ಟ್ರು ಮೆಲ್ಲಗೆ, "ಹತ್ತಿದ ಏಣಿ ಒದೀಬಾರದು ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀನಿ," ಎಂದರು. ನಾನು ಅತ್ತೆ. ಕೋಪಕ್ಕಲ್ಲ, ನಿಜವಾಗಿ ಅತ್ತೆ.

ನಾಲ್ಕು ಗಂಟೆಯ ತನಕ ಕಾಯುವ ಧೈರ್ಯ ನನಗಿರಲಿಲ್ಲ. ಸೀದಾ ಆಸ್ಪತ್ರೆಗೆ ಹೊರಟೆ. ಮೇಷ್ಟ್ರು ಹಿಂದೆಯೇ ಬಂದರು, "ಕೈ ಎತ್ತಿದ್ದು ಮೂವರೂ ತಾಯಿ," ಎಂದರು. ಅವರ ಹಿಂದೆ ಮೆಕ್ಯಾನಿಕ್.

ಅಕ್ಕ ನರ್ಸುಗಳ ಕೋಣೆಯಲ್ಲಿ ಔಷಧಿಯ ಟ್ರೇ ಜೋಡಿಸುತ್ತಿದ್ದಳು. "ಏನೇ ಮುಕ್ಕಾಲು, ಸೈನ್ಯ ಕಟ್ಕೊಂಡು ಬಂದಿದ್ದೀಯ? ಯಾರಿಗೆ ಏನಾಯ್ತು?"

"ನನಗೆ ಆಯ್ತು," ಎಂದು ಎಲ್ಲ ಹೇಳಿದೆ. "ಮೂರು ವರ್ಷ ನೀರಿಗೆ ಹೋಯ್ತು ಅಕ್ಕ. ನೀನು ಹೇಳೋದು ಸರಿ, ನನ್ನ ಹಣೇಲಿ ಮುಗಿಸೋದು ಬರೆದಿಲ್ಲ."

ಅಕ್ಕ ಟ್ರೇ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿದಳು. ಅಲ್ಲಿ ಈ ತಿಂಗಳ ಡ್ಯೂಟಿ ಪಟ್ಟಿ ಇತ್ತು. ಅದರ ಹಿಂದೆ ಹೋದ ತಿಂಗಳದ್ದು, ಅದರ ಹಿಂದೆ ಅದರ ಹಿಂದಿನದು. ಒಂದೇ ಮೊಳೆಗೆ ಸಿಕ್ಕಿಸಿದ ಹದಿನಾಲ್ಕು ಪಟ್ಟಿ. ಎಲ್ಲದರ ಕೆಳಗೂ ನಮ್ಮ ಆ ದರಿದ್ರ ಲಾಂಛನ.

"ನೀನು... ತೆಗೆದುಹಾಕಿಲ್ವಾ?"

"ನಡೀತಿರೋದನ್ನ ಯಾಕೆ ತೆಗೀಲಿ? ನಿಮಗೆ ತಲೆ ಕೆಟ್ಟಿದೆ ಅಂತ ನನಗೂ ಕೆಡ್ಬೇಕಾ?" ಮೂಲೆಯ ಹಳೆಯ ಕಂಪ್ಯೂಟರಿಗೆ 'ಯಾರೂ ಮುಟ್ಟಬೇಡಿ' ಎಂದು ಗಾಯಕ್ಕೆ ಹಾಕುವ ಅಗಲವಾದ ಪ್ಲಾಸ್ಟರಿನ ಮೇಲೆ ಬರೆದು ಅಂಟಿಸಿದ್ದಳು. "ಮುಂಚೆ ಪಟ್ಟಿ ಹಾಕೋಕೆ ಎರಡು ದಿನ ಬೇಕಾಗ್ತಿತ್ತು. ಆಮೇಲೆ ಒಂದು ವಾರ ಎಲ್ಲರ ಹತ್ರ ಬೈಸ್ಕೋಬೇಕಾಗ್ತಿತ್ತು. ಈಗ ಈ ಹುಡುಗೀರಿಗೆ ರಜಾ ಯಾವತ್ತು ಅಂತ ಮೊದಲೇ ಗೊತ್ತಿರುತ್ತೆ. ಹದಿನಾಲ್ಕು ತಿಂಗಳಿಂದ ನನ್ನ ಹತ್ರ ಯಾರೂ ಜಗಳಕ್ಕೆ ಬಂದಿಲ್ಲ." ಅವಳ ದನಿ ಇಳಿಯಿತು. "ನೀನು ಅವತ್ತೇ ಮುಗಿಸಿದ್ದೆ ಕಣೇ. ಬಂದು ಕೇಳಿದ್ರೆ ಹೇಳ್ತಿದ್ದೆ."

ನಾನು ಹದಿನಾಲ್ಕೂ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಮೇಷ್ಟ್ರು ಮತ್ತೆ ಕನ್ನಡಕ ಒರೆಸಲು ಶುರು ಮಾಡಿದರು.

ಮೆಕ್ಯಾನಿಕ್ ಮಾತ್ರ ಕಂಪ್ಯೂಟರಿನ ಕಡೆ ಎರಡು ಹೆಜ್ಜೆ ಇಟ್ಟಿದ್ದ. "ಮೇಡಂ, ಅದರೊಳಗೆ ನಮ್ಮ ಹಳೇ ಅನುವಾದಕ ಇದೆ. ಒಂದು ಕಾಪಿ..."

"ಮುಟ್ಟಬೇಡಿ ಅಂತ ಬರೆದಿಲ್ವಾ?" ಅಕ್ಕ ಅಡ್ಡ ನಿಂತಳು. "ಕಾಪಿ ಕೊಡ್ತೀನಿ. ಆದ್ರೆ ನಾನು ಹೇಳಿದ್ದನ್ನ ಮೊದಲು ಮಾಡ್ಬೇಕು. ಅಳಿಸೋ ಮುಂಚೆ ಕೇಳ್ಬೇಕು. ಪರಿಶೀಲನೆ ಗಿರಿಶೀಲನೆ ಅಂದ್ರೆ ನೋಡಿ ಮತ್ತೆ!"

ಮೂರು ಕೈ ಎದ್ದವು. ಯಾವ ತೀರ್ಮಾನಕ್ಕೂ ಅವು ಅಷ್ಟು ಬೇಗ ಎದ್ದದ್ದಿಲ್ಲ.

ಆ ವಾರದ ಪ್ರಗತಿ ವರದಿ ಒಂದೇ ಸಾಲಿನದು: ಹದಿನಾಲ್ಕು ತಿಂಗಳು ಹಿಂದಕ್ಕೆ ಹೋಗಿದ್ದೇವೆ, ಎಲ್ಲರೂ ಕ್ಷೇಮ. ಅಕ್ಕನ ಹಳೆಯ ಅನುವಾದಕಕ್ಕೆ ನಮ್ಮ ಹೊಸ ಶೋಕಿಗಳು ಯಾವುವೂ ತಿಳಿಯುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಅರ್ಥವಾಗುವ ಹಾಗೆ ಎಲ್ಲವನ್ನೂ ಸರಳ ಮಾಡಿ ಬರೆದೆವು. ಬರೆಯುತ್ತ ಬರೆಯುತ್ತ, ವರ್ಷವಿಡೀ ಕಿತ್ತಾಡಿ ಸೇರಿಸಿದ್ದರಲ್ಲಿ ಮುಕ್ಕಾಲು ಪಾಲು ಬೇಡವೇ ಆಗಿತ್ತು ಎಂದು ಗೊತ್ತಾಯಿತು. ಏಳು ಭಾನುವಾರ ಹಿಡಿಯಿತು. ಕೋಣೆಗೆ ನಾಲ್ಕನೆಯ ಕುರ್ಚಿ ಬಂತು, ಅಕ್ಕ ಅದರಲ್ಲಿ ಕೂತು ಟೀ ಕುಡಿಯುತ್ತ ದವಡೆಗಳ ಜೊತೆ ಸೇರಿ ನಮ್ಮನ್ನು ನೋಡಿ ನಗುತ್ತಿದ್ದಳು.

ಏಳನೆಯ ಭಾನುವಾರ ಹೊಸ ಅನುವಾದಕ ತನ್ನನ್ನು ತಾನು ತಿರುಗಿಸಿಕೊಳ್ಳಲು ಹೊರಟು, ಅರ್ಧದಲ್ಲಿ ನಿಂತು, ಕೇಳಿತು: ಹಳೆಯದು ಅಳಿಸಿಹೋಗುತ್ತದೆ, ಅಳಿಸಲೇ?

ನಾಲ್ವರೂ ಒಟ್ಟಿಗೇ, "ಬೇಡ!" ಎಂದು ಕೂಗಿದೆವು. ನಾನು 'ಬೇಡ' ಒತ್ತಿದೆ. ಅದು ಹಳೆಯದನ್ನು ಪಕ್ಕಕ್ಕಿಟ್ಟು, ಹೊಸದನ್ನು ಬೇರೆ ಬರೆದು, ಸುಮ್ಮನಾಯಿತು. ಮುಗಿದಿತ್ತು.

ನಾನು ಅಕ್ಕನ ಮುಖ ನೋಡಿದೆ. ಅವಳು ಟೀ ಲೋಟ ಕೆಳಗಿಟ್ಟು, ಚೀಲಕ್ಕೆ ಕೈ ಹಾಕಿ, ಮಡಿಸಿಟ್ಟ ಒಂದು ಸ್ವೆಟರು ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. ಒಂದೇ ತೋಳಿನದು.

"ಕೈ ಖಾಲಿ ಆಯ್ತಲ್ಲ," ಎಂದಳು. "ಚಳಿಗಾಲ ಬರ್ತಿದೆ."