ಕೌದಿಯಮ್ಮ ಸ್ಟೂಲಿನ ಮೇಲೆ ಕೂತದ್ದು

ಕೌದಿಯಮ್ಮನ ಕಥೆ ಹೇಳುವವರು ಮೊದಲು ಅವಳ ಮೇಜನ್ನು ಹೇಳುತ್ತಾರೆ, ಆಮೇಲೆ ಅವಳನ್ನು. ಕೋಣೆಯ ಮುಕ್ಕಾಲು ಪಾಲು ಆ ಮೇಜೇ. ಅದರ ಮೇಲೆ ರಬ್ಬರಿನ ಹಾಸು, ಹಾಸಿನ ಮೇಲೆ ಕೈಯುದ್ದದ ದಪ್ಪ ಸ್ಕೇಲು, ಸ್ಕೇಲಿನ ಪಕ್ಕದಲ್ಲಿ ಕಟರು. ಹಿಡಿಯ ತುದಿಗೆ ಗಾಲಿಯಂತೆ ಉರುಳುವ ದುಂಡು ಬ್ಲೇಡು. ಅದನ್ನು ಮರೆಮಾಡಲು ಹೆಬ್ಬೆರಳಿನಿಂದ ತಳ್ಳುವ ಒಂದು ಮುಚ್ಚಳ. ನಾಲ್ಕು ಪದರ ಬಟ್ಟೆಯನ್ನು ಅದು ಬೆಣ್ಣೆಯಂತೆ ಕೊಯ್ಯುತ್ತಿತ್ತು. ಬೆರಳೆಂದರೆ ಅದಕ್ಕೆ ಐದನೆಯ ಪದರ, ಅಷ್ಟೆ.

ನಲವತ್ತು ವರ್ಷ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿದವಳು ಅವಳು. ಹೇಳಿದ ದಿನ, ಹೇಳಿದ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಅರೆಬರೆ ಕೌದಿ ತನ್ನ ಹೊಸ್ತಿಲು ದಾಟಿದ್ದಿಲ್ಲ ಎಂಬುದು ಅವಳ ಹೆಮ್ಮೆ. ಅದನ್ನು ಅವಳು ಯಾರಿಂದಲೂ ಬಚ್ಚಿಡುತ್ತಿರಲಿಲ್ಲ.

ಆ ವರ್ಷ ಶಾಲೆಗೆ ರಜೆ ಬಂದಾಗ ತಂಗಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತಂದುಬಿಟ್ಟಳು. ಒಂಬತ್ತು ವರ್ಷದ ದೊಡ್ಡವಳನ್ನು ಮನೆಮಂದಿಯೆಲ್ಲ ಆಮೆ ಎಂದೇ ಕರೆಯುತ್ತಿದ್ದರು. ಅವಳು ಕೈ ತೊಳೆದು ಬರುವಷ್ಟರಲ್ಲಿ ಬಡಿಸಿದ್ದು ಆರಿಹೋಗುತ್ತಿತ್ತು. ಆರು ವರ್ಷದ ಚಿಕ್ಕವಳು ಗಂಟೆ. ಕಾರಣ ಕೇಳಬೇಕಿರಲಿಲ್ಲ, ಅವಳಿದ್ದ ಕೋಣೆಗೆ ಹೋದರೆ ಸಾಕಿತ್ತು.

ಬಂದ ಗಳಿಗೆಯಲ್ಲೇ ಗಂಟೆಯ ಕೈ ಕಟರಿನ ಮೇಲಿತ್ತು. ತಂಗಿ ಹೌಹಾರಿದಳು. "ಅಯ್ಯೋ, ಅದನ್ನ ಬೀರುವಿನ ಮೇಲೆ ಎಲ್ಲಾದ್ರೂ ಬಚ್ಚಿಡಕ್ಕ!"

"ಬಚ್ಚಿಟ್ರೆ ಹುಡುಕಿ ತೆಗೀತಾರೆ. ತೆಗೆದಾಗ ನಾನು ಪಕ್ಕದಲ್ಲಿ ಇರಲ್ಲ," ಎಂದಳು ಕೌದಿಯಮ್ಮ. "ಕಲಿಸಿಬಿಡ್ತೀನಿ. ನೀನು ಕೆಲಸಕ್ಕೆ ಹೊರಡು."

ಕಲಿಸಿದಳು. ಮೊದಲ ವಾರ ಬಟ್ಟೆಯ ಮಾತೇ ಇಲ್ಲ, ಹಳೆಯ ಪತ್ರಿಕೆಯ ಕಾಗದ ಮಾತ್ರ. ಕಾಲಿಗೆ ಬೂಟು ಹಾಕಿ, ಕೂದಲು ಕಟ್ಟಿ, ನಿಂತೇ ಕತ್ತರಿಸಬೇಕು. ಸ್ಕೇಲಿನ ಮೇಲೆ ಬೆರಳುಗಳು ಡೇರೆಯ ಹಾಗೆ ನಿಲ್ಲಬೇಕು, ಅಂಚಿನಾಚೆಗೆ ಒಂದೂ ಇಣುಕಬಾರದು. ಬ್ಲೇಡು ಹೊಟ್ಟೆಯ ಕಡೆಗೆ ಬರದೆ ಆಚೆಗೆ ಓಡಬೇಕು. ಕೆಳಗಿಡುವ ಮೊದಲು ಮುಚ್ಚಳ ತಳ್ಳಿ "ಮುಚ್ಚಿದೆ" ಎಂದು ಗಟ್ಟಿಯಾಗಿ ಹೇಳಬೇಕು; ಹೇಳುವ ತನಕ ಇನ್ನೊಬ್ಬರ ಕೈ ಮೇಜು ಮುಟ್ಟುವಂತಿಲ್ಲ. ಗಂಟೆಗೆ ಇನ್ನೂ ಎರಡು ವರ್ಷ ಕಟರಿಲ್ಲ. ಅವಳಿಗೆ ಕೊಟ್ಟ ಕೆಲಸ ಕಣ್ಣಿನದು: ಬೆರಳು ಕಾಯುವುದು, ಮುಚ್ಚಳ ಕಾಯುವುದು.

ತೆರೆದಿಟ್ಟವರಿಗೆ ಕಿಟಕಿಯ ಬಳಿಯ ಸ್ಟೂಲು. ಅಂದಿನ ಕತ್ತರಿಸುವ ಕೆಲಸ ಮುಗಿಯುವವರೆಗೆ ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಅಲ್ಲಿ ಕೂರಬೇಕು. ಆಮೆ ಎರಡು ಸಲ ಕೂತಳು. ಎರಡನೆಯ ಸಲ ಕೂತಲ್ಲಿಂದಲೇ ಬುದ್ಧಿ ಹೇಳತೊಡಗಿದ್ದರಿಂದ, ಸ್ಟೂಲಿನಲ್ಲಿ ಬಾಯಿಗೂ ಬೀಗ ಎಂಬ ಇನ್ನೊಂದು ಮಾತು ಸೇರಿತು.

"ನೀನು ಮರೆತ್ರೆ, ದೊಡ್ಡಮ್ಮ?" ಎಂದು ಗಂಟೆ ಕೇಳಿದ್ದಳು.

"ನಂಗೂ ಸ್ಟೂಲೇ." ಮರೆಯುವವಳು ತಾನಲ್ಲ ಎಂಬ ಧೈರ್ಯದಲ್ಲಿ ಕೌದಿಯಮ್ಮ ಸಲೀಸಾಗಿ ಹೇಳಿಬಿಟ್ಟಳು.

ರಜೆಯ ಐದನೆಯ ವಾರ ಡಾಕ್ಟರಮ್ಮನ ಕೌದಿಯ ಕೊನೆಯ ದಿನ ಬಂತು. ಬೇರೆ ಊರಿನ ಆಸ್ಪತ್ರೆಗೆ ಹೊರಟಿದ್ದ ಆಕೆ ತಾನು ವರ್ಷಗಟ್ಟಲೆ ತೊಟ್ಟ ಹಸಿರು ಅಂಗಿಗಳನ್ನು ತಂದುಕೊಟ್ಟಿದ್ದಳು. ಮೂರು ಬದಿಯ ಅಂಚು ಮುಗಿದಿತ್ತು. ನಾಲ್ಕನೆಯದಕ್ಕೆ ಉಳಿದದ್ದು ಒಂದೇ ತುಂಡು. ಸೊಟ್ಟಗೆ ಕೊಯ್ದರೆ ಇನ್ನೊಂದಿಲ್ಲ. ಕೌದಿಯಮ್ಮ ತುಂಡಿನ ತುದಿ ಸಮಮಾಡಿಕೊಳ್ಳುತ್ತಿದ್ದಾಗ ಫೋನು ಹೊಡೆದುಕೊಂಡಿತು. ಗಡಿಯಾರದಲ್ಲಿ ಹನ್ನೊಂದು.

"ಗಾಡಿ ಸಂಜೆ ನಾಲ್ಕಕ್ಕಲ್ಲ, ಹನ್ನೆರಡೂಕಾಲಿಗೇ ಹೊರಡುತ್ತಂತೆ," ಎಂದಿತು ಡಾಕ್ಟರಮ್ಮನ ಧ್ವನಿ. "ಆಗುತ್ತಾ?"

"ಯಾಕಾಗಲ್ಲ? ಬನ್ನಿ."

ಕತ್ತರಿಸಲು ಎರಡು ನಿಮಿಷ, ಹೊಲಿಯಲು ಒಂದು ಗಂಟೆ. ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ತಿರುಗಿದರೆ ಮಕ್ಕಳಿಬ್ಬರೂ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ನಿಂತಿದ್ದರು. ಮೇಜಿನ ಮೇಲೆ ಕಟರು ಬಾಯ್ದೆರೆದು ಬಿದ್ದಿತ್ತು.

"ದೊಡ್ಡಮ್ಮ, ಮುಚ್ಚಿಲ್ಲ," ಎಂದಳು ಗಂಟೆ. ಆ ಮಾತನ್ನು ಅವಳು ಪಿಸುಗುಟ್ಟಿದ್ದಳು.

"ಫೋನ್ ಬಂತಲ್ಲೇ, ಅವಸರದಲ್ಲಿ..."

"ಅವತ್ತು ನಂಗೆ ಸೀನು ಬಂದಿತ್ತು," ಎಂದಳು ಆಮೆ ನಿಧಾನವಾಗಿ. "ಆದ್ರೂ ನೀನು ನನ್ನ ಕೂರಿಸಿದ್ದೆ."

ಗದರಿಸಿದ್ದರೆ ಇಬ್ಬರೂ ಸುಮ್ಮನಾಗುತ್ತಿದ್ದರು, ಕೌದಿಯೂ ಮುಗಿಯುತ್ತಿತ್ತು. ಆದರೆ ನಾಳೆಯಿಂದ ಅವಸರ ಬಂದಾಗಲೆಲ್ಲ ಈ ಮನೆಯಲ್ಲಿ ಮುಚ್ಚಳ ತೆರೆದೇ ಇರುತ್ತಿತ್ತು. ಕೌದಿಯಮ್ಮ ಗಡಿಯಾರ ನೋಡಿದಳು, ಆಮೇಲೆ ಕೈಗಳನ್ನು ಬೆನ್ನಹಿಂದೆ ಕಟ್ಟಿದ್ದ ಆ ಇಬ್ಬರನ್ನು. ಮುಚ್ಚಳ ತಳ್ಳಿದಳು, "ಮುಚ್ಚಿದೆ" ಎಂದಳು, ಹೋಗಿ ಸ್ಟೂಲಿನ ಮೇಲೆ ಕೂತಳು.

ಇನ್ನು ಕತ್ತರಿಸಬೇಕಾದವಳು ಆಮೆಯೊಬ್ಬಳೇ. ಅವಳು ಬೂಟಿನ ದಾರ ಬಿಚ್ಚಿ ಮತ್ತೆ ಬಿಗಿದಳು. ಕೂದಲು ಕಟ್ಟಿಕೊಂಡಳು. ಬಟ್ಟೆಯನ್ನು ನೀವಿದಳು, ಅಳೆದಳು, ಅನುಮಾನ ಬಂದು ಅಳೆದಳು, ಅನುಮಾನ ಹೋಗಲೆಂದು ಇನ್ನೊಮ್ಮೆ ಅಳೆದಳು. ಕಾಲುಗಂಟೆ ಕಳೆಯಿತು. ಕೌದಿಯಮ್ಮನ ಹತ್ತು ಬೆರಳೂ ತೊಡೆಯಡಿಯಲ್ಲಿ ಮಿಸುಕುತ್ತಿದ್ದವು. ಬಾಯಿ ಬಿಗಿದು ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಕೊನೆಗೊಮ್ಮೆ ಆಮೆ ಕಟರು ತೆರೆದು ಗೇಣುದ್ದ ಕೊಯ್ದಳು. ನಿಲ್ಲಿಸಿ, ಮುಚ್ಚಿ, ಸ್ಕೇಲಿನ ಮೇಲಿನ ಕೈಯನ್ನು ಮುಂದಕ್ಕೆ ಸರಿಸಿದಳು, ಮತ್ತೆ ತೆರೆದಳು. ಎಡಗೈಯ ಹೆಬ್ಬೆರಳು ಅಂಚಿನಾಚೆ ಇಣುಕಿತು. ಬೀಗ ಗೀಗ ಎಲ್ಲ ಮರೆತು ಕೌದಿಯಮ್ಮ ಕೂಗುವಷ್ಟರಲ್ಲಿ ಗಂಟೆ ಬಾರಿಸಿತು:

"ಅಕ್ಕಾ, ಹೆಬ್ಬೆರಳು!"

ಆಮೆ ಕಟರು ಮುಚ್ಚಿದಳು, ಬೆರಳನ್ನು ಒಳಗೆಳೆದುಕೊಂಡಳು. ಮತ್ತೆ ಮೊದಲಿನಿಂದ ಅಳೆದಳು.

ಡಾಕ್ಟರಮ್ಮ ಬಾಗಿಲಲ್ಲಿ ನಿಂತಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು, ಬಟ್ಟೆ ಇನ್ನೂ ಎರಡು ಗೇಣು ಉಳಿದಿತ್ತು. ಕೈ ಮೇಲೆ ಕೂತ ಹೆಂಗಸನ್ನೂ ಕತ್ತರಿಸುತ್ತಿದ್ದ ಮಗುವನ್ನೂ ನೋಡಿ ಆಕೆಗೆ ಏನೂ ಅರ್ಥವಾಗಲಿಲ್ಲ. ಗಂಟೆ ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬಿಡಿಸಿ ಹೇಳಿದಳು.

"ಸರಿ ಬಿಡು, ನಾನೇ ಕತ್ತರಿಸ್ತೀನಿ. ದಿನಾ ಮಾಡೋ ಕೆಲಸ," ಎಂದು ಡಾಕ್ಟರಮ್ಮ ಮುಂದೆ ಬಂದಳು.

ಗಂಟೆ ಆಕೆಯ ಪಾದ ನೋಡಿದಳು. "ಚಪ್ಪಲಿ ನಡೆಯಲ್ಲ. ಬೂಟಿದೆಯಾ?"

ಆಸ್ಪತ್ರೆಯಲ್ಲಿ ಹತ್ತಾರು ಜನರನ್ನು ಗದರಿಸುತ್ತಿದ್ದ ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಮುಚ್ಚಿದೆ," ಎಂದಳು ಆಮೆ. ಅಂಚುಪಟ್ಟಿ ನೂಲು ಹಿಡಿದಂತೆ ನೇರವಾಗಿತ್ತು.

ಕೌದಿಯಮ್ಮ ಜೋಮು ಹಿಡಿದ ಕೈಗಳನ್ನು ಕೊಡವಿಕೊಂಡು ಎದ್ದು ಪಟ್ಟಿಯನ್ನು ಪಿನ್ನು ಹಾಕಿ ಕೌದಿಗೆ ಸಿಕ್ಕಿಸಿದಳು. "ಒಂದು ಬದಿ ಉಳಿದುಹೋಯ್ತು. ಹೇಳಿದ ಹೊತ್ತಿಗೆ ಮುಗೀದೇ ಇದ್ದದ್ದು ಇದೇ ಮೊದಲು," ಎಂದಳು. ಮುಖ ಮೇಲೆತ್ತಲಿಲ್ಲ. "ಬಿಟ್ಟು ಹೋಗಿ, ಮುಗಿಸಿ ಕಳಿಸ್ತೀನಿ."

ಡಾಕ್ಟರಮ್ಮ ಮಕ್ಕಳ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. "ಇಪ್ಪತ್ತೂ ಇವೆ," ಎಂದಳು. "ಈ ರಜೆಯಲ್ಲಿ ನಾನೇ ಏಳು ಮಕ್ಕಳ ಬೆರಳು ಹೊಲಿದಿದೀನಿ. ಅವು ಅಳ್ತವೆ, ಒದ್ದಾಡ್ತವೆ. ಬಟ್ಟೆ ಸುಮ್ನಿರುತ್ತಲ್ಲ, ದಾರೀಲಿ ಹೊಲ್ಕೋತೀನಿ. ಸೂಜಿ ದಾರ ಕೊಡಿ."

ಕೌದಿಯಮ್ಮ ಸೂಜಿಗೆ ದಾರ ಪೋಣಿಸಿ, ಗಂಟುಹಾಕಿ, ಮೊದಲ ನಾಲ್ಕು ಹೊಲಿಗೆ ತಾನೇ ಹಾಕಿ ಕೊಟ್ಟಳು. ಕೌದಿ ಪಿನ್ನುಗಳ ಸಮೇತ ಹೊಸ್ತಿಲು ದಾಟಿತು.

ಗಾಡಿಯ ಸದ್ದು ಅಡಗಿದ ಮೇಲೆ ಆಮೆ ಬಂದು ಪಕ್ಕದಲ್ಲಿ ನಿಂತಳು. "ನನ್ನಿಂದ ತಡವಾಯ್ತಾ, ದೊಡ್ಡಮ್ಮ?"

"ಹೂಂ, ತಡವಾಯ್ತು."

"ನಾಳೆಯಿಂದ ಬೇಗ ಬೇಗ ಕತ್ತರಿಸ್ತೀನಿ."

"ಬೇಡ," ಎಂದಳು ಕೌದಿಯಮ್ಮ. "ಬೇಗ ಮಾಡೋಕೆ ಹೋಗಿ ಮುಚ್ಚಳ ಮರೆತದ್ದು ನಾನು." ಮೇಜಿನ ಮೇಲಿನ ಚೂರುಗಳನ್ನು ಒಂದೆಡೆಗೆ ಗುಡಿಸತೊಡಗಿದಳು.